ಬದುವಿನ ಲೆಕ್ಕವೂ ಗದ್ದೆಯ ಲೆಕ್ಕವೂ

ಮುಂಬಯಿಯಿಂದ ನಾಸಿಕದ ಕಡೆಗೆ ಹೊರಟವರಿಗೆ ಕಸಾರಾ ಘಟ್ಟವನ್ನೇರಿ ಇಗತಪುರಿಯನ್ನು ದಾಟಿದ ಸ್ವಲ್ಪ ಹೊತ್ತಿಗೆ ಘೋಟಿ ಎಂಬ ಊರು ಸಿಗುತ್ತದೆ. ಸಹ್ಯಾದ್ರಿಯ ಮಗ್ಗುಲಿನ ಈ ಭಾಗದಲ್ಲಿ ಮಳೆ ಧಾರಾಳವಾದುದು. ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ, 1646 ಮೀಟರು ಎತ್ತರದ ಕಳಸೂಬಾಯಿಗೆ ಹೋಗುವವರು ಈ ದಾರಿಯಿಂದಲೇ ತಿರುಗುತ್ತಾರೆ. ಜೋಳ ಸಜ್ಜೆಗಳ ದಖನ್ನಿನ ಅಂಚಿನಲ್ಲಿದ್ದರೂ ಘೋಟಿಯು ಭತ್ತದ ಬೆಳೆಗೆ, ಅಕ್ಕಿಯ ಗಿರಣಿಗಳಿಗೆ, ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ಊರು. ಶ್ರಾವಣಮಾಸದಲ್ಲಿ ರೈಲಿನ ಕಿಟಕಿಯಿಂದ ನೋಡಿದ ಕನ್ನಡಿಗನಿಗೆ ಶಿರಸಿಯೋ ಸಾಗರವೋ ನೆನಪಾಗದಿರದು. ಅದೇ ನಿಂತ ನೀರು, ಅದೇ ನಾಟಿ, ನೀರನ್ನು ಹಿಡಿದು ನಿಲ್ಲಿಸುವ ಅದೇ ಮಣ್ಣಿನ ಬದು.

ಈ ಗದ್ದೆಗಳಲ್ಲಿ ಶಾಲೆಯ ರೇಖಾಗಣಿತದ ಒಂದು ಪಾಠ ಬಿಚ್ಚಿಟ್ಟಂತೆ ಕಾಣುತ್ತದೆ. ಗದ್ದೆಯ ಸುತ್ತಲೂ ಬದುವಿನ ಮೇಲೆ ನಡೆದು ಹೊರಟ ಜಾಗಕ್ಕೇ ಮರಳಿದರೆ ನಡೆದ ದೂರವೆಷ್ಟೋ ಅದು ಸುತ್ತಳತೆ. ಬದುವಿನೊಳಗೆ ನೀರು ಹರಡಿಕೊಂಡಿರುವ ಬಯಲೆಷ್ಟೋ ಅದು ವಿಸ್ತೀರ್ಣ. ಮೊದಲನೆಯದು ಬದು ಕಟ್ಟುವ ಕೂಲಿಯನ್ನು ಗೊತ್ತುಮಾಡುತ್ತದೆ, ಎರಡನೆಯದು ಮನೆಗೆ ಬರುವ ಭತ್ತವನ್ನು. ಇವೆರಡೂ ಒಂದೇ ಗದ್ದೆಯ ಅಳತೆಗಳಾದರೂ ಒಂದನ್ನು ಬಲ್ಲವನು ಇನ್ನೊಂದನ್ನು ಬಲ್ಲನೆಂದು ಹೇಳಲಾಗದು. ಪ್ರಾಥಮಿಕ ಶಾಲೆಯ ಮಕ್ಕಳು ಎಡವುವುದು ಇಲ್ಲಿಯೇ. ದೊಡ್ಡವರೂ ಎಡವುತ್ತಾರೆ, ಆದರೆ ಅವರು ತೆರುವ ದಂಡ ಅಂಕಗಳಲ್ಲಿ ಅಲ್ಲ.

ಮಹಾನಗರದ ಕನ್ನಡ ಕುಟುಂಬಗಳಲ್ಲಿ ಈ ಪಾಠಕ್ಕೆ ಮೊದಲು ಅಡ್ಡಬರುವುದು ಭಾಷೆ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತ ಬಂದಿದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳವಾದ ಬಾಲಭಾರತಿಯು ಗಣಿತದ ಪುಸ್ತಕವನ್ನು ಕನ್ನಡದಲ್ಲಿಯೂ ಅಚ್ಚುಮಾಡಿದೆ. ಆದರೂ ಬಹುಪಾಲು ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ, ನೆರೆಯವರೊಡನೆ ಮರಾಠಿಯಲ್ಲಿ ಆಡುತ್ತಾರೆ, ಅಜ್ಜಿಯೊಡನೆ ಮಾತ್ರ ಕನ್ನಡದಲ್ಲಿ ಮಾತನಾಡುತ್ತಾರೆ. ಶಾಲೆಯಲ್ಲಿ 'ಪೆರಿಮೀಟರ್' ಎಂದು ಕಲಿತ ಮಗುವಿಗೆ ಅದೊಂದು ಶಬ್ದವಷ್ಟೇ; ಅದರೊಳಗೇನಿದೆ ಎಂಬುದು ಕಾಣಿಸದು. ಗ್ರೀಕ್ ಭಾಷೆಯಲ್ಲಿ 'ಪೆರಿ' ಎಂದರೆ ಸುತ್ತ, 'ಮೆತ್ರೋನ್' ಎಂದರೆ ಅಳತೆ. ಮರಾಠಿಯ 'ಪರಿಮಿತಿ'ಯಲ್ಲಿ 'ಪರಿ' ಎಂದರೂ ಸುತ್ತ, 'ಮಿತಿ' ಎಂದರೂ ಅಳತೆ. ಕನ್ನಡದ 'ಸುತ್ತಳತೆ'ಯಲ್ಲಿ ಸುತ್ತೂ ಅಳತೆಯೂ ಮುಚ್ಚುಮರೆಯಿಲ್ಲದೆ ನಿಂತಿವೆ. ಮೂರು ಭಾಷೆಗಳೂ ಒಂದೇ ಮಾತನ್ನು ಒಂದೇ ರೀತಿಯಲ್ಲಿ ಕಟ್ಟಿದ್ದರೂ, ಅರ್ಥ ಹೊರಗೇ ಕಾಣುವ ಶಬ್ದ ಮನೆಯ ಭಾಷೆಯದೇ. ಆದುದರಿಂದ ಮಗು ಶಾಲೆಯಲ್ಲಿ ಯಾವ ಹೆಸರನ್ನೇ ಕಲಿಯಲಿ, ಮನೆಯಲ್ಲಿ ಒಮ್ಮೆ 'ಸುತ್ತಳತೆ' ಎಂದು ಹೇಳಿಕೊಡುವುದರಿಂದ ಅರ್ಧ ಪಾಠ ಮುಗಿದಂತಾಗುತ್ತದೆ. ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವ ಅಜ್ಜಿ ಪ್ರತಿದಿನ ಕಾಲಿನಿಂದ ಅಳೆಯುವುದು ಇದನ್ನೇ ಅಲ್ಲವೆ?

ಇನ್ನುಳಿದ ಅರ್ಧ ಪಾಠ ಲೆಕ್ಕದ್ದು. ಎದುರುಬದುರಿನ ಬದಿಗಳು ಸಮನಾಗಿದ್ದು ನಾಲ್ಕು ಮೂಲೆಗಳೂ ನೇರವಾಗಿರುವ ಚತುರ್ಭುಜವೇ ಆಯತ. ಒಂದು ಉದ್ದ, ಒಂದು ಅಗಲ, ಮತ್ತೊಂದು ಉದ್ದ, ಮತ್ತೊಂದು ಅಗಲ, ಹೀಗೆ ನಡೆದು ಸುತ್ತು ಪೂರ್ಣವಾಗುತ್ತದೆ. ಆದುದರಿಂದ ಉದ್ದವನ್ನೂ ಅಗಲವನ್ನೂ ಕೂಡಿಸಿ ಎರಡರಿಂದ ಗುಣಿಸಿದರೆ ಸುತ್ತಳತೆ ದೊರೆಯುತ್ತದೆ. ಪುರುಷರ ಕಬಡ್ಡಿ ಅಂಗಣದ ಉದ್ದ 13 ಮೀಟರು, ಅಗಲ 10 ಮೀಟರು. ಕೂಡಿದರೆ 23, ಇಮ್ಮಡಿಸಿದರೆ 46 ಮೀಟರು. ಪುಸ್ತಕದ ಚಿತ್ರದಲ್ಲಿ ಎರಡು ಬದಿಗಳ ಮೇಲೆ ಮಾತ್ರ ಅಂಕಿ ಬರೆದಿರುತ್ತದೆ. ಅದನ್ನು ನೋಡಿದ ಹುಡುಗ 13ನ್ನೂ 10ನ್ನೂ ಕೂಡಿಸಿ 23 ಎಂದು ಬರೆದು ಬರುತ್ತಾನೆ. ಅವನು ಅರ್ಧ ಪ್ರದಕ್ಷಿಣೆ ಮಾಡಿ ಎದುರಿನ ಮೂಲೆಯಲ್ಲಿಯೇ ನಿಂತಿದ್ದಾನೆ. ಇನ್ನೊಬ್ಬ 130 ಎಂದು ಬರೆಯುತ್ತಾನೆ. ಅವನು ಕೇಳಿದ ದಾರಿಯನ್ನು ಬಿಟ್ಟು ಬಯಲನ್ನು ಹೇಳಿದ್ದಾನೆ. ಇವರಿಬ್ಬರಿಗೂ ಸೂತ್ರವನ್ನು ಹತ್ತು ಸಲ ಬರೆಯಿಸುವುದಕ್ಕಿಂತ, ಊಟದ ಮೇಜಿನ ಅಂಚಿಗೆ ದಾರವನ್ನು ಸುತ್ತಿಸಿ ಆ ದಾರವನ್ನು ಅಳೆಯಿಸುವುದು ಮೇಲು.

ಮಾನಗಳ ಬೆರಕೆ ಮತ್ತೊಂದು ತೊಡಕು. ಕೋಣೆಯ ಉದ್ದ 4 ಮೀಟರು, ಅಗಲ 350 ಸೆಂಟಿಮೀಟರು ಎಂದಿದ್ದರೆ ಅಂಕಿಗಳನ್ನು ಹಾಗೆಯೇ ಕೂಡಿಸಿ 708 ಎಂದು ಉತ್ತರ ಕೊಡುವವರಿದ್ದಾರೆ. ಮೊದಲು 350 ಸೆಂಟಿಮೀಟರನ್ನು ಮೂರೂವರೆ ಮೀಟರೆಂದು ಮಾಡಿಕೊಂಡರೆ ಸುತ್ತಳತೆ 15 ಮೀಟರು. ತಿರುವು ಲೆಕ್ಕವೂ ಹೀಗೆಯೇ: ಸುತ್ತಳತೆ 60, ಉದ್ದ 18, ಅಗಲವೆಷ್ಟು ಎಂದರೆ ಅವಸರದವರು 60ರಿಂದ 18ನ್ನು ಕಳೆದು 42 ಎನ್ನುತ್ತಾರೆ. ಅರ್ಧ ಸುತ್ತಳತೆ 30. ಅದರಲ್ಲಿ ಉದ್ದ 18 ಹೋದರೆ ಉಳಿಯುವ 12 ಅಗಲ.

ವೈದ್ಯರ ಸಲಹೆಯಂತೆ ಬೆಳಗಿನ ಹೊತ್ತು ವಸಾಹತಿನ ಆವರಣದಲ್ಲಿ ಸುತ್ತುವ ಹಿರಿಯರಿಗೂ ಈ ಲೆಕ್ಕ ಉಪಯೋಗಕ್ಕೆ ಬಂದೀತು. ಆವರಣ 40 ಮೀಟರು ಉದ್ದ, 25 ಮೀಟರು ಅಗಲವಾಗಿದ್ದರೆ ಗೋಡೆಯ ಒಂದು ಸುತ್ತು 130 ಮೀಟರು. ಎಂಟು ಸುತ್ತಿಗೆ ಒಂದು ಕಿಲೋಮೀಟರು ತುಂಬಿ 40 ಮೀಟರು ಹೆಚ್ಚಾಗುತ್ತದೆ. ಆದರೆ ಗೋಡೆಗೆ ಒರಸಿಕೊಂಡು ಯಾರೂ ನಡೆಯುವುದಿಲ್ಲ. ಗೋಡೆಯಿಂದ ಒಂದು ಮೀಟರು ಒಳಗೆ ನಡೆದರೆ ದಾರಿಯ ಉದ್ದ 38, ಅಗಲ 23, ಒಂದು ಸುತ್ತು 122 ಮೀಟರು. ಎಂಟು ಸುತ್ತಿಗೆ 976 ಮೀಟರು ಮಾತ್ರ. ಒಂದು ಸುತ್ತಿಗೆ ಕಡಿಮೆಯಾದ ಈ 8 ಮೀಟರು ಆವರಣ ಎಷ್ಟೇ ಕಿರಿದಾಗಿರಲಿ ಹಿರಿದಾಗಿರಲಿ ಬದಲಾಗದು: ಉದ್ದದಲ್ಲಿ ಎರಡು, ಅಗಲದಲ್ಲಿ ಎರಡು ಹೋಗುತ್ತವೆ, ಅವು ಇಮ್ಮಡಿಸಿ ಎಂಟಾಗುತ್ತವೆ. ಆಜಾದ್ ಮೈದಾನದಷ್ಟು ದೊಡ್ಡ ಆಯತವೊಂದಿದ್ದರೂ ಅಷ್ಟೇ.

ಇನ್ನು ಮುಖ್ಯ ವಿಷಯಕ್ಕೆ ಬರಬಹುದು. ಸುತ್ತಳತೆ ಸಮನಾಗಿದ್ದರೆ ವಿಸ್ತೀರ್ಣವೂ ಸಮನಾಗಿರಬೇಕೆಂದು ಮನಸ್ಸು ತಾನಾಗಿಯೇ ನಂಬುತ್ತದೆ. ಈ ನಂಬಿಕೆಯನ್ನು ಕೀಳುವುದಕ್ಕೆ 14 ಬೆಂಕಿಕಡ್ಡಿಗಳು ಸಾಕು. ಉರಿದು ಆರಿದವಾದರೆ ಮಕ್ಕಳ ಕೈಗೆ ನಿರ್ಭಯವಾಗಿ ಕೊಡಬಹುದು. ಈ 14 ಕಡ್ಡಿಗಳನ್ನು ಸುತ್ತಲೂ ಜೋಡಿಸಿ ಮಾಡಬಹುದಾದ ಆಯತಗಳು ಮೂರು: 6ಕ್ಕೆ 1, 5ಕ್ಕೆ 2, 4ಕ್ಕೆ 3. ಮೂರಕ್ಕೂ ಸುತ್ತಳತೆ 14. ಒಳಗಿನ ಚೌಕಗಳನ್ನು ಎಣಿಸಿದರೆ ಮೊದಲನೆಯದರಲ್ಲಿ 6, ಎರಡನೆಯದರಲ್ಲಿ 10, ಮೂರನೆಯದರಲ್ಲಿ 12. ಒಂದು ಕಡ್ಡಿಯನ್ನೂ ಹೆಚ್ಚಿಸದೆ ಬಯಲು ಇಮ್ಮಡಿಯಾಯಿತು.

ಇಂಥ ಭ್ರಮೆ ಹಳೆಯದು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪೊಲಿಬಿಯಸನು ಇದನ್ನು ಕುರಿತು ಬೇಸರಪಟ್ಟುಕೊಂಡಿದ್ದಾನೆ. ಮೆಗಲೊಪೊಲಿಸ್ ನಗರದ ಸುತ್ತಳತೆ 50 ಸ್ಟೇಡಿಯ, ಸ್ಪಾರ್ಟಾದ್ದು 48. ಆದರೂ ಸ್ಪಾರ್ಟಾ ಇಮ್ಮಡಿ ದೊಡ್ಡದೆಂದರೆ ಜನ ನಂಬುವುದಿಲ್ಲ, ಏಕೆಂದರೆ ಬಾಲ್ಯದಲ್ಲಿ ಕಲಿತ ರೇಖಾಗಣಿತವನ್ನು ಅವರು ಮರೆತಿದ್ದಾರೆ ಎಂಬುದು ಅವನ ಅಭಿಪ್ರಾಯ. ಮೆಗಲೊಪೊಲಿಸ್ ಅವನ ಸ್ವಂತ ಊರು ಎಂಬುದನ್ನು ನೆನೆದರೆ ಅವನ ನಿಷ್ಪಕ್ಷಪಾತವನ್ನು ಮೆಚ್ಚಬೇಕಾಗುತ್ತದೆ.

ಗ್ರೀಸಿನ ವರೆಗೆ ಹೋಗಬೇಕಾದುದೂ ಇಲ್ಲ. ಘೋಟಿಯಿಂದ ಬಹುದೂರವಲ್ಲದ ತ್ರ್ಯಂಬಕದಲ್ಲಿ ಗೋದಾವರಿ ಹುಟ್ಟುತ್ತದೆ. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡ ನಾಡಿನ ಮೇರೆಯನ್ನು ಕಾವೇರಿಯಿಂದ ಆ ಗೋದಾವರಿಯ ವರೆಗೆ ಹೇಳಿದೆ. ನೃಪತುಂಗನ ತಂದೆಯಾದ ಮೂರನೆಯ ಗೋವಿಂದನು ಹೊರಡಿಸಿದ ತಾಮ್ರಶಾಸನವೊಂದು ನಾಸಿಕ ಜಿಲ್ಲೆಯ ವಣಿಯಲ್ಲಿ ದೊರೆತಿದೆ. 814ರಿಂದ 878ರ ವರೆಗೆ ಆಳಿದ ಈ ನೃಪತುಂಗ ಅಮೋಘವರ್ಷನನ್ನೇ ಮೊದಲಿಗೆ ಹೊಗಳಿ 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದವನು ಜೈನ ಗಣಿತಜ್ಞ ಮಹಾವೀರಾಚಾರ್ಯ. ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷಿಗೆ ತಂದು 1912ರಲ್ಲಿ ಪ್ರಕಟಿಸಿದ ಮೇಲೆ ಇದರ ಕೀರ್ತಿ ಹೊರನಾಡುಗಳಿಗೂ ಹಬ್ಬಿತು. ಕನ್ನಡದಲ್ಲಿಯೇ ಗಣಿತವನ್ನು ಬರೆಯಬೇಕೆಂಬ ಹಂಬಲ ಮುಂದೆ ಹನ್ನೆರಡನೆಯ ಶತಮಾನದ ರಾಜಾದಿತ್ಯನಲ್ಲಿ ಕೈಗೂಡಿತು. ಅವನ ಕೃತಿಗಳಲ್ಲೊಂದರ ಹೆಸರೇ 'ಕ್ಷೇತ್ರಗಣಿತ'.

ಮಹಾವೀರನು ಆಯತವನ್ನು 'ಆಯತ ಚತುರಸ್ರ'ವೆಂದು ಕರೆಯುತ್ತಾನೆ. 'ಆಯತ'ವೆಂದರೆ ನೀಳವಾದದ್ದು. ಕನ್ನಡ ಶಾಲೆಯ ಹುಡುಗನೂ ಮರಾಠಿ ಶಾಲೆಯ ಹುಡುಗನೂ ಇಂದು ಬಳಸುವುದು ಆ ಹೆಸರಿನ ಮೊದಲ ಭಾಗವನ್ನೇ. ಕ್ಷೇತ್ರಗಳ ಅಧ್ಯಾಯದಲ್ಲಿ ಅವನು ಒಡ್ಡುವ ಕೆಲವು ಪ್ರಶ್ನೆಗಳು ಸುತ್ತಳತೆಗೂ ವಿಸ್ತೀರ್ಣಕ್ಕೂ ಇರುವ ಈ ಸಂಬಂಧವನ್ನೇ ಕೆದಕುತ್ತವೆ. ಎರಡು ಆಯತಗಳ ಸುತ್ತಳತೆ ಸಮ, ಆದರೆ ಒಂದರ ವಿಸ್ತೀರ್ಣ ಇನ್ನೊಂದರ ಇಮ್ಮಡಿ, ಬದಿಗಳಾವುವು? ಬೆಂಕಿಕಡ್ಡಿಯ 6ಕ್ಕೆ 1 ಮತ್ತು 4ಕ್ಕೆ 3 ಇದಕ್ಕೆ ಒಂದು ಉತ್ತರ. ವಿಸ್ತೀರ್ಣ ಸಮ, ಆದರೆ ಒಂದರ ಸುತ್ತಳತೆ ಇನ್ನೊಂದರ ಇಮ್ಮಡಿ, ಬದಿಗಳಾವುವು? 10ಕ್ಕೆ 6ರ ಆಯತವನ್ನೂ 30ಕ್ಕೆ 2ರ ಆಯತವನ್ನೂ ತೆಗೆದುಕೊಳ್ಳಬಹುದು: ಎರಡರ ವಿಸ್ತೀರ್ಣವೂ 60, ಸುತ್ತಳತೆಗಳು 32 ಮತ್ತು 64. ಸುತ್ತಳತೆಯ ಸಂಖ್ಯೆಯೂ ವಿಸ್ತೀರ್ಣದ ಸಂಖ್ಯೆಯೂ ಒಂದೇ ಆಗುವ ಆಯತ ಯಾವುದೆಂಬ ಪ್ರಶ್ನೆಯೂ ಅಲ್ಲಿದೆ. ಪೂರ್ಣಾಂಕಗಳಲ್ಲಿ ಇದಕ್ಕೆ ಎರಡೇ ಉತ್ತರಗಳು: ಬದಿ 4ರ ಚೌಕ, ಅದಕ್ಕೆ 16 ಮತ್ತು 16, 6ಕ್ಕೆ 3ರ ಆಯತ, ಅದಕ್ಕೆ 18 ಮತ್ತು 18. ಇಲ್ಲಿ ಎಚ್ಚರಿಕೆ ಬೇಕು. ಸಮನಾದದ್ದು ಸಂಖ್ಯೆ ಮಾತ್ರ. ಒಂದು 16 ಮೀಟರು, ಮತ್ತೊಂದು 16 ಚದರ ಮೀಟರು. ಅದೇ ಚೌಕವನ್ನು ಸೆಂಟಿಮೀಟರುಗಳಲ್ಲಿ ಅಳೆದರೆ 1,600 ಮತ್ತು 1,60,000 ಆಗಿ ಸಾಮ್ಯವೆಲ್ಲ ಮಾಯವಾಗುತ್ತದೆ.

ಒಂದೇ ಸುತ್ತಳತೆಯ ಆಯತಗಳಲ್ಲಿ ಅತಿ ಹೆಚ್ಚು ಬಯಲನ್ನು ಒಳಗೊಳ್ಳುವುದು ಚೌಕ. ಸುತ್ತಳತೆ 40 ಇರಲಿ: 10ಕ್ಕೆ 10 ಆದರೆ 100, 11ಕ್ಕೆ 9 ಆದರೆ 99, 12ಕ್ಕೆ 8 ಆದರೆ 96, 13ಕ್ಕೆ 7 ಆದರೆ 91. ಕೊರತೆಗಳು 1, 4, 9. ಚೌಕದಿಂದ ಎಷ್ಟು ಸರಿದರೆ ಅದರ ವರ್ಗದಷ್ಟು ನಷ್ಟ. ಮೊದಲ ಹೆಜ್ಜೆಗಳಲ್ಲಿ ನಷ್ಟ ಕಣ್ಣಿಗೆ ಬೀಳದು. ಮುಂದೆ ಅದು ವೇಗವಾಗಿ ಬೆಳೆಯುತ್ತದೆ, ಕೊನೆಗೆ 19ಕ್ಕೆ 1 ಆದಾಗ ಉಳಿಯುವುದು 19 ಮಾತ್ರ.

ಇದನ್ನು ಮತ್ತೆ ಗದ್ದೆಗೆ ತರೋಣವೆಂದರೆ ಗುಂಟೆಯ ಲೆಕ್ಕ ತಿಳಿದಿರಬೇಕು. 1956ರ ನವೆಂಬರ್ 1ರ ವರೆಗೆ ನಾಸಿಕ ಜಿಲ್ಲೆಯೂ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೂ ಒಂದೇ ಮುಂಬಯಿ ಆಡಳಿತದಲ್ಲಿದ್ದವು. ಅಲ್ಲಿಯ ಮೋಜಣಿಯಲ್ಲಿ 33 ಅಡಿಯ ಸರಪಳಿ ನಡೆಯುತ್ತಿತ್ತು. ಆ ಸರಪಳಿಯ ಒಂದು ಚೌಕ, ಎಂದರೆ 33 ಅಡಿಗೆ 33 ಅಡಿ, ಒಂದು ಗುಂಟೆ. ಅದು 1,089 ಚದರ ಅಡಿ. ಇಂಥ 40 ಗುಂಟೆಗಳಿಗೆ ಒಂದು ಎಕರೆ, 43,560 ಚದರ ಅಡಿ. ಆದುದರಿಂದ ಘೋಟಿಯ ರೈತನೂ ಹಾನಗಲ್ಲಿನ ರೈತನೂ ಗುಂಟೆ ಎಂದಾಗ ಒಂದೇ ಅಳತೆಯನ್ನು ಹೇಳುತ್ತಾರೆ.

ಒಂದು ಎಕರೆಯನ್ನು ಎರಡು ಆಕಾರಗಳಲ್ಲಿ ನೋಡಬಹುದು. 220 ಅಡಿಗೆ 198 ಅಡಿಯ ಗದ್ದೆ ಸರಿಯಾಗಿ ಒಂದು ಎಕರೆ. ಅದರ ಸುತ್ತಳತೆ 836 ಅಡಿ. 660 ಅಡಿಗೆ 66 ಅಡಿಯ ಪಟ್ಟಿಯೂ ಸರಿಯಾಗಿ ಒಂದು ಎಕರೆ. ಅದರ ಸುತ್ತಳತೆ 1,452 ಅಡಿ. ಪಹಣಿಯಲ್ಲಿ ಎರಡಕ್ಕೂ ಒಂದೇ ಅಂಕಿ. ಆದರೆ ಎರಡನೆಯ ಗದ್ದೆಯವನು 616 ಅಡಿ ಹೆಚ್ಚು ಬದುವನ್ನು ಕಟ್ಟಬೇಕು, ಪ್ರತಿ ಮಳೆಗಾಲದಲ್ಲಿಯೂ ಅದರ ಏಡಿಯ ಬಿಲಗಳನ್ನು ಮುಚ್ಚಬೇಕು. ಬದುವಿನ ಅಗಲ ಒಂದೂವರೆ ಅಡಿ ಎಂದಿಟ್ಟುಕೊಂಡರೆ ಮೊದಲನೆಯದರಲ್ಲಿ ಬದುವಿಗೆ ಹೋಗುವ ಭೂಮಿ ಒಂದು ಗುಂಟೆಗೆ ಸ್ವಲ್ಪ ಹೆಚ್ಚು. ಎರಡನೆಯದರಲ್ಲಿ ಸುಮಾರು ಎರಡು ಗುಂಟೆ. ಭತ್ತದ ನಾಟಿ ಬದುವಿನ ಮೇಲೆ ಆಗುವುದಿಲ್ಲ.

ಹಿಸ್ಸೆಯ ಪ್ರಶ್ನೆ ಬಂದಾಗ ಈ ಲೆಕ್ಕ ಇನ್ನೂ ಹರಿತವಾಗುತ್ತದೆ. ಒಬ್ಬ ಊರಿನಲ್ಲಿ, ಒಬ್ಬ ಮುಂಬಯಿಯಲ್ಲಿ ಇರುವ ಅಣ್ಣತಮ್ಮಂದಿರು ಮೇಲೆ ಹೇಳಿದ 660 ಅಡಿಯ ಪಟ್ಟಿಯನ್ನು ಸಮಭಾಗ ಮಾಡಿಕೊಳ್ಳಬೇಕಾಗಿದೆ ಎನ್ನೋಣ. ಅಡ್ಡಲಾಗಿ ಸೀಳಿದರೆ ಇಬ್ಬರಿಗೂ 330 ಅಡಿಗೆ 66 ಅಡಿಯ ತುಂಡು. ನಡುವೆ ಹೊಸದಾಗಿ ಹಾಕಬೇಕಾದ ಬದು 66 ಅಡಿ. ಉದ್ದಕ್ಕೆ ಸೀಳಿದರೆ ಇಬ್ಬರಿಗೂ 660 ಅಡಿಗೆ 33 ಅಡಿಯ ತುಂಡು. ಹೊಸ ಬದು 660 ಅಡಿ, ಹತ್ತುಪಟ್ಟು. ಎರಡು ವಿಧದಲ್ಲಿಯೂ ಪ್ರತಿಯೊಬ್ಬನಿಗೆ ಬಂದದ್ದು 20 ಗುಂಟೆಯೇ. ಆದರೆ ಉದ್ದಕ್ಕೆ ಸೀಳಿದಾಗ ಅಡ್ಡ ಸೀಳುವುದಕ್ಕಿಂತ 891 ಚದರ ಅಡಿ, ಎಂದರೆ ಮುಕ್ಕಾಲು ಗುಂಟೆಗೂ ಹೆಚ್ಚು ಭೂಮಿ, ಬದುವಿನಡಿ ಸೇರಿಹೋಗುತ್ತದೆ. ಹುಡುಗರು ಪರೀಕ್ಷೆಯಲ್ಲಿ ಮಾಡುವ ಇನ್ನೊಂದು ತಪ್ಪಿನ ಉತ್ತರವೂ ಇಲ್ಲಿದೆ: ವಿಸ್ತೀರ್ಣ ಅರ್ಧವಾದರೆ ಸುತ್ತಳತೆ ಅರ್ಧವಾಗುವುದಿಲ್ಲ. ಉದ್ದಕ್ಕೆ ಸೀಳಿದ ಅರ್ಧದ ಸುತ್ತಳತೆ 1,386 ಅಡಿ. ಇಡೀ ಗದ್ದೆಯ 1,452 ಅಡಿಗಿಂತ ಬರಿಯ 66 ಅಡಿ ಕಡಿಮೆ.

ಹೀಗಿದ್ದೂ ಹಳ್ಳಿಗಳಲ್ಲಿ ಉದ್ದಕ್ಕೆ ಸೀಳುವ ರೂಢಿ ಇರುವುದು ಅಜ್ಞಾನದಿಂದಲ್ಲ. ಇಳಿಜಾರಿನ ಭೂಮಿಯಲ್ಲಿ ಮೇಲಿನ ತುದಿ ಒಣಗುತ್ತದೆ, ಕೆಳಗಿನ ತುದಿಯಲ್ಲಿ ನೀರೂ ಮೆಕ್ಕಲು ಮಣ್ಣೂ ನಿಲ್ಲುತ್ತವೆ. ಅಡ್ಡ ಸೀಳಿದರೆ ಒಬ್ಬನಿಗೆ ಕಲ್ಲು, ಒಬ್ಬನಿಗೆ ಕೆಸರು. ಉದ್ದಕ್ಕೆ ಸೀಳಿದರೆ ಇಬ್ಬರಿಗೂ ಎರಡೂ ಸಿಗುತ್ತವೆ, ದಾರಿಗೂ ಇಬ್ಬರ ಮುಖ ಇರುತ್ತದೆ. ನ್ಯಾಯಕ್ಕಾಗಿ ಬದುವಿನ ಬೆಲೆಯನ್ನು ತೆರುವುದು ಒಂದು ತಲೆಮಾರಿಗೆ ಸರಿ. ಮೊಮ್ಮಕ್ಕಳ ಕಾಲಕ್ಕೆ ಅದೇ ಪಟ್ಟಿ ಮತ್ತೆ ಉದ್ದಕ್ಕೆ ಸೀಳಿ ಹದಿನಾರೂವರೆ ಅಡಿಯಾದಾಗ ಎತ್ತನ್ನು ತಿರುಗಿಸುವುದೂ ಕಷ್ಟ. ಭೂಮಿ ತುಂಡಾಗುವುದನ್ನು ತಡೆಯಲು ಮುಂಬಯಿ ಪ್ರಾಂತವು 1947ರಲ್ಲಿಯೇ ಕಾನೂನು ಮಾಡಿ, ಇಂತಿಷ್ಟಕ್ಕಿಂತ ಕಿರಿದಾದ ತುಂಡು ಆಗಕೂಡದೆಂದು ಮಿತಿಯಿಡುವ ಏರ್ಪಾಡು ಮಾಡಿತು. ಆ ಮಿತಿ ವಿಸ್ತೀರ್ಣದ್ದು. ಪಾಲುಪತ್ರಕ್ಕೆ ಸಹಿ ಹಾಕಲು ಮಹಾನಗರದಿಂದ ಎರಡು ದಿನದ ರಜೆಯ ಮೇಲೆ ಊರಿಗೆ ಹೋಗುವವರು ಗುಂಟೆಯ ಅಂಕಿಯ ಜೊತೆಗೆ ನಾಲ್ಕು ಬದಿಗಳ ಅಡಿಯನ್ನೂ ಕೇಳಿ ಬರೆದುಕೊಳ್ಳುವುದು ಒಳ್ಳೆಯದು. ನಿವೇಶನ ಕೊಳ್ಳುವವರಿಗೂ ಈ ಮಾತು ಸಲ್ಲುತ್ತದೆ.

ಬದಿಗಳನ್ನು ಮಾತ್ರ ಬರೆದುಕೊಂಡರೂ ಸಾಲದೆಂಬುದಕ್ಕೆ ಒಂದು ಮಾತು. ಸೊಳ್ಳೆಪರದೆಯ ಚೌಕಟ್ಟಿನ ಕೀಲು ಸಡಿಲವಾಗಿ ಒಂದು ಕಡೆಗೆ ವಾಲಿದರೆ ನಾಲ್ಕು ಕೋಲುಗಳ ಉದ್ದ ಬದಲಾಗದು, ಸುತ್ತಳತೆಯೂ ಬದಲಾಗದು. ಆದರೆ ಒಳಗಿನ ಜಾಗ ಕುಗ್ಗುತ್ತದೆ. ಪೂರಾ ವಾಲಿದರೆ ಏನೂ ಉಳಿಯದು. ಮೂಲೆ ನೇರವಾಗಿದೆಯೇ ಎಂದು ತಿಳಿಯಲು ಒಂದು ಬದಿಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಮಾಡಿ ನಡುವಿನ ಓರೆ 5 ಅಡಿ ಇದೆಯೇ ಎಂದು ಗಾರೆಯವರು ನೋಡುತ್ತಾರೆ. ಗದ್ದೆಗಾದರೆ ಎರಡು ಕರ್ಣಗಳನ್ನು ಅಳೆಯಬೇಕು: ಎದುರುಬದುರಿನ ಬದಿಗಳೂ ಸಮ, ಕರ್ಣಗಳೂ ಸಮ ಎಂದಾದರೆ ಅದು ಆಯತವೇ.

ಮಕ್ಕಳಿಗೆ ಕೊಡಬಹುದಾದ ಎರಡು ಪ್ರಶ್ನೆಗಳಿವೆ. 12ಕ್ಕೆ 8ರ ಹಾಳೆಯ ಒಂದು ಮೂಲೆಯಿಂದ 3ಕ್ಕೆ 2ರ ತುಂಡನ್ನು ಕತ್ತರಿಸಿ ತೆಗೆದರೆ ಸುತ್ತಳತೆ ಎಷ್ಟು? ವಿಸ್ತೀರ್ಣ 96ರಿಂದ 90ಕ್ಕೆ ಇಳಿಯುತ್ತದೆ, ಸುತ್ತಳತೆ 40 ಇದ್ದದ್ದು 40 ಆಗಿಯೇ ಇರುತ್ತದೆ. ಹೋದ ಎರಡು ಅಂಚುಗಳಿಗೆ ಬದಲಾಗಿ ಅಷ್ಟೇ ಉದ್ದದ ಎರಡು ಅಂಚುಗಳು ಬಂದಿವೆ. ಎರಡನೆಯದು, 30 ಮೀಟರಿಗೆ 20 ಮೀಟರಿನ ತೋಟಕ್ಕೆ 5 ಮೀಟರಿಗೊಂದರಂತೆ ಕಂಬ ನೆಟ್ಟರೆ ಕಂಬಗಳೆಷ್ಟು? ಸುತ್ತಳತೆ 100 ಮೀಟರು, ಕಂಬಗಳು 20. ನೇರವಾದ 100 ಮೀಟರಿಗೆ 21 ಬೇಕಾಗುತ್ತಿತ್ತು. ಸುತ್ತಿನಲ್ಲಿ ಮೊದಲ ಕಂಬವೇ ಕೊನೆಯ ಕಂಬವೂ ಆಗುತ್ತದೆ.

ರಜೆಯಲ್ಲಿ ಮಕ್ಕಳನ್ನು ನಾಸಿಕದಿಂದ ಮುಂದಕ್ಕೆ, 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಪಡೆದ ಔರಂಗಾಬಾದಿನ ಜಿಲ್ಲೆಗೆ ಕರೆದೊಯ್ಯುವವರಿಗೆ ಎಲ್ಲೋರದಲ್ಲಿ ಮೂರನೆಯ ಪ್ರಶ್ನೆ ಕಾದಿದೆ. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದಲ್ಲಿ ಕೈಲಾಸ ದೇವಾಲಯಕ್ಕಾಗಿ ಬೆಟ್ಟವನ್ನು ಮೇಲಿನಿಂದ ಕಡಿದು ಮಾಡಿದ ಅಂಗಳದ ಉದ್ದ ಸುಮಾರು 276 ಅಡಿ, ಅಗಲ ಸುಮಾರು 154 ಅಡಿ. ಅಂಗಳದ ಗೋಡೆಗುಂಟ ಒಂದು ಸುತ್ತು 860 ಅಡಿ. ವಿಸ್ತೀರ್ಣ 42,504 ಚದರ ಅಡಿ, ಎಂದರೆ 39 ಗುಂಟೆ. ಒಂದು ಎಕರೆಗೆ ಒಂದೇ ಗುಂಟೆ ಕಡಿಮೆ.